ಊರಿಗೊಂದು ನರಮಂಡಲ

ಮನುಷ್ಯನ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಅವುಗಳಲ್ಲಿ ಯಾವುದಕ್ಕೂ ಒಂಟಿಯಾಗಿ ಮಗ್ಗಿ ಬಾರದು, ಓದು ಬಾರದು, ಎದುರು ಬರುವ ಬಸ್ಸಿನ ವೇಗ ಅಂದಾಜಿಗೆ ಸಿಗದು. ಒಂದೊಂದು ನರಕೋಶ ಮಾಡುವ ಕೆಲಸ ಬಲು ಚಿಕ್ಕದು. ಬೇರೆ ಸಾವಿರಾರು ಕೋಶಗಳಿಂದ ಬರುವ ಸಂಕೇತಗಳನ್ನು ಅದು ಕೂಡಿಸಿಕೊಳ್ಳುತ್ತದೆ. ಮೊತ್ತ ಒಂದು ಮಿತಿ ದಾಟಿದರೆ ತಾನೂ ಮಿಡಿಯುತ್ತದೆ, ದಾಟದಿದ್ದರೆ ಸುಮ್ಮನಿರುತ್ತದೆ. ಇಂಥ ಏನೂ ಅರಿಯದ ಕೋಶಗಳೇ ಸೇರಿ ಮಗ್ಗಿ ಒಪ್ಪಿಸುತ್ತವೆ, ಪುಸ್ತಕ ಓದಿಸುತ್ತವೆ, ರಸ್ತೆ ದಾಟಿಸುತ್ತವೆ. ಮಿದುಳಿನ ಜಾಣತನ ಇರುವುದು ಕೋಶಗಳ ನಡುವಿನ ಜೋಡಣೆಯಲ್ಲಿ.

ಜನಸಮುದಾಯದ ತಿಳಿವಳಿಕೆಯೂ ಹೀಗೆ ಚೂರುಚೂರಾಗಿ ಹರಡಿರುತ್ತದೆ. ಯಾವ ಕೆರೆ ಯಾವ ತಿಂಗಳಲ್ಲಿ ಬತ್ತುತ್ತದೆಂದು ಕುರಿಗಾಹಿಗೆ ಗೊತ್ತು. ಯಾವ ಓಣಿಯಲ್ಲಿ ಜ್ವರ ಹಬ್ಬುತ್ತಿದೆಯೆಂದು ಆಶಾ ಕಾರ್ಯಕರ್ತೆಗೆ ಗೊತ್ತು. ಯಾವ ಟ್ರಾನ್ಸ್‌ಫಾರ್ಮರ್ ಮೊದಲ ಮಳೆಗೇ ಕೈಕೊಡುತ್ತದೆಂದು ಲೈನ್‌ಮನ್‌ಗೆ ಗೊತ್ತು. ಈ ಚೂರುಗಳು ಒಂದೆಡೆ ಸೇರದಿದ್ದರೆ ಊರಿಗೆ ಒಟ್ಟಾಗಿ ಏನೂ ಗೊತ್ತಿಲ್ಲದಂತೆಯೇ. ಅವನ್ನು ಕೂಡಿಸಿ, ತೂಗಿ, ಒಂದು ತೀರ್ಮಾನಕ್ಕೆ ಬರುವ ಸಾಮರ್ಥ್ಯಕ್ಕೆ ಸಾಮೂಹಿಕ ಬುದ್ಧಿಮತ್ತೆ ಎಂದು ಹೆಸರು. ಮಿದುಳಿನಿಂದ ಪಾಠ ಕಲಿತು ಈ ಸಾಮರ್ಥ್ಯವನ್ನು ಕಂಪ್ಯೂಟರ್ ಜಾಲಗಳ ಮೂಲಕ ಬೆಳೆಸುವ ಪ್ರಯತ್ನಕ್ಕೆ ಈಗ ಅರ್ಧ ಶತಮಾನ ದಾಟಿದೆ. ಚಿಲಿ ದೇಶದಲ್ಲಿ ಅದು ತಂತಿಯ ಮೂಲಕ ಬರಹ ಕಳಿಸುವ ಟೆಲೆಕ್ಸ್ ಯಂತ್ರಗಳಿಂದ ನಡೆಯಿತು, ತೈವಾನ್‌ನಲ್ಲಿ ಮೊಬೈಲ್ ಫೋನುಗಳಿಂದ. ಎರಡರಿಂದಲೂ ಹೊರಡುವ ಪಾಠ ಒಂದೇ. ಜನರನ್ನು ಒಂದು ಜಾಲಕ್ಕೆ ಜೋಡಿಸಿದ ಮಾತ್ರಕ್ಕೆ ಸಮುದಾಯ ಜಾಣವಾಗುವುದಿಲ್ಲ; ಯಾವ ಸಂಕೇತ ಮುಂದೆ ಹೋಗಬೇಕು, ಯಾವುದು ನಿಲ್ಲಬೇಕು, ಯಾವುದು ಮರಳಿ ಬರಬೇಕು ಎಂಬ ಏರ್ಪಾಡು ಸರಿಯಿರಬೇಕು.

ಮಿದುಳಿನ ಒಳ ಏರ್ಪಾಡು

ಎರಡು ನರಕೋಶಗಳು ಸಂಧಿಸುವ ಜಾಗವನ್ನು ಸಿನಾಪ್ಸ್ ಎನ್ನುತ್ತಾರೆ. ಎಲ್ಲ ಸಿನಾಪ್ಸ್‌ಗಳ ಬಲ ಒಂದೇ ಆಗಿರುವುದಿಲ್ಲ. ಕೆಲವು ನೆರೆಕೋಶಗಳ ಮಾತಿಗೆ ತೂಕ ಹೆಚ್ಚು, ಕೆಲವಕ್ಕೆ ಕಡಿಮೆ. ಒಟ್ಟೊಟ್ಟಿಗೆ ಮಿಡಿಯುವ ಕೋಶಗಳ ನಡುವಿನ ಬೆಸುಗೆ ಗಟ್ಟಿಯಾಗುತ್ತ ಹೋಗುತ್ತದೆ ಎಂದು ಕೆನಡಾದ ಮನೋವಿಜ್ಞಾನಿ ಡೊನಾಲ್ಡ್ ಹೆಬ್ 1949ರಲ್ಲಿ ಸೂಚಿಸಿದರು. ಕಲಿಯುವುದೆಂದರೆ ಈ ತೂಕಗಳನ್ನು ತಿದ್ದಿಕೊಳ್ಳುವುದು. ಅದಕ್ಕೂ ಮುಂಚೆ, 1943ರಲ್ಲಿ, ವಾರೆನ್ ಮೆಕಲಕ್ ಮತ್ತು ವಾಲ್ಟರ್ ಪಿಟ್ಸ್ ನರಕೋಶವನ್ನು ಗಣಿತದ ಸೂತ್ರವಾಗಿ ಬರೆದು ತೋರಿಸಿದ್ದರು. ಇಂದಿನ ಕೃತಕ ಬುದ್ಧಿಮತ್ತೆಯ ಯಂತ್ರಗಳಲ್ಲಿರುವ ನರಜಾಲಗಳು ಈ ಎರಡು ಆಲೋಚನೆಗಳ ವಂಶದವು.

ಮಿದುಳಿನ ಇನ್ನೊಂದು ಗುಣ ಅಷ್ಟಾಗಿ ಜನರ ಮಾತಿಗೆ ಬಂದಿಲ್ಲ. ಮಿದುಳಿನ ಹೊರಪದರದ ನರಕೋಶಗಳಲ್ಲಿ ಸುಮಾರು ಐದನೇ ಒಂದು ಪಾಲಿನ ಕೆಲಸ ಇತರ ಕೋಶಗಳನ್ನು ಸುಮ್ಮನಿರಿಸುವುದು. ಇದಕ್ಕೆ ಪ್ರತಿಬಂಧ ಎಂದು ಹೆಸರು. ಸರಳವಾಗಿ ತಡೆ ಎನ್ನಬಹುದು. ಹಾರ್ಟ್‌ಲೈನ್ ಎಂಬ ಅಮೆರಿಕದ ವಿಜ್ಞಾನಿ ಕುದುರೆಲಾಳದ ಆಕಾರದ ಒಂದು ಕಡಲಜೀವಿಯ ಕಣ್ಣನ್ನು ಪರೀಕ್ಷಿಸಿದಾಗ, ಬೆಳಕು ಬಿದ್ದ ಕೋಶ ತನ್ನ ಅಕ್ಕಪಕ್ಕದ ಕೋಶಗಳನ್ನು ತಗ್ಗಿಸುವುದು ಕಂಡಿತು. ಅದರಿಂದಲೇ ವಸ್ತುವಿನ ಅಂಚು ಎದ್ದು ಕಾಣುತ್ತದೆ. ಕಣ್ಣಿನ ಕುರಿತ ಕೆಲಸಕ್ಕಾಗಿ ಅವರು 1967ರ ನೊಬೆಲ್ ಪ್ರಶಸ್ತಿ ಹಂಚಿಕೊಂಡರು. ಎಲ್ಲ ಕೋಶಗಳೂ ಒಂದನ್ನೊಂದು ಬರೀ ಹುರಿದುಂಬಿಸುತ್ತಿದ್ದರೆ ಮಿದುಳಿಗೆ ಏನೂ ಸ್ಪಷ್ಟವಾಗುತ್ತಿರಲಿಲ್ಲ. ತಡೆ ಸೋತು ಕೋಶಗಳು ಒಂದೇ ತಾಳಕ್ಕೆ ಮಿಡಿಯತೊಡಗಿದರೆ ಆಗುವುದು ಅಪಸ್ಮಾರದ ಸೆಳೆತ. ಆ ಹೊತ್ತಿನಲ್ಲಿ ಮಿದುಳಿನ ಜೋಡಣೆಗೆ ಯಾವ ಕೊರತೆಯೂ ಇರುವುದಿಲ್ಲ. ಯೋಚನೆ ಮಾತ್ರ ನಿಂತಿರುತ್ತದೆ.

ಮೂರನೆಯದು ಮರುಸುದ್ದಿ. ಲೋಟ ಎತ್ತಲು ಕೈ ಚಾಚಿದಾಗ, ಕೈ ಎಲ್ಲಿದೆ ಎಂಬ ಸುದ್ದಿ ಕ್ಷಣಕ್ಷಣವೂ ನರಮಂಡಲಕ್ಕೆ ಮರಳುತ್ತಿರುತ್ತದೆ. ಅದಕ್ಕೆ ತಕ್ಕಂತೆ ಚಲನೆ ತಿದ್ದಿಕೊಳ್ಳುತ್ತದೆ. ಪ್ರಾಣಿ, ಯಂತ್ರ, ಸಮಾಜ ಮೂರರಲ್ಲೂ ಇಂಥ ಮರುಸುದ್ದಿಯ ಸುತ್ತು ಕೆಲಸ ಮಾಡುತ್ತದೆಂದು ಗಣಿತಜ್ಞ ನಾರ್ಬರ್ಟ್ ವೀನರ್ 1948ರಲ್ಲಿ ವಾದಿಸಿದರು. ಆ ಅಧ್ಯಯನಕ್ಕೆ ಅವರು ಇಟ್ಟ ಹೆಸರು ಸೈಬರ್ನೆಟಿಕ್ಸ್. ಇಂದು ಎಲ್ಲರ ಬಾಯಲ್ಲಿರುವ 'ಸೈಬರ್' ಎಂಬ ಪದ ಹೊರಟದ್ದು ಅಲ್ಲಿಂದ.

ಗುಂಪು ಜಾಣವಾಗುವುದು ಯಾವಾಗ?

1906ರಲ್ಲಿ ಇಂಗ್ಲೆಂಡಿನ ಪ್ಲಿಮತ್‌ನ ದನಗಳ ಪ್ರದರ್ಶನದಲ್ಲಿ ಒಂದು ಪಂದ್ಯ ನಡೆಯಿತು. ಕೊಬ್ಬಿದ ಎತ್ತನ್ನು ಕಡಿದು ಹಸನು ಮಾಡಿದ ಮೇಲೆ ಮಾಂಸ ಎಷ್ಟು ತೂಗುತ್ತದೆಂದು ಊಹಿಸಬೇಕಿತ್ತು. ಕಟುಕರು, ರೈತರು, ಏನೂ ಅರಿಯದವರು ಎಲ್ಲರೂ ಚೀಟಿ ಬರೆದರು. ಫ್ರಾನ್ಸಿಸ್ ಗಾಲ್ಟನ್ ಎಂಬ ವಿಜ್ಞಾನಿ ಆ ಚೀಟಿಗಳನ್ನು ತರಿಸಿಕೊಂಡು ಸ್ಪಷ್ಟವಾಗಿದ್ದ 787ನ್ನು ಲೆಕ್ಕ ಹಾಕಿದರು. ಊಹೆಗಳನ್ನು ಏರಿಕೆಯ ಕ್ರಮದಲ್ಲಿಟ್ಟಾಗ ನಟ್ಟನಡುವೆ ಬಂದದ್ದು 1,207 ಪೌಂಡು. ನಿಜವಾದ ತೂಕ 1,198. ವ್ಯತ್ಯಾಸ ನೂರಕ್ಕೆ ಒಂದರಷ್ಟೂ ಇರಲಿಲ್ಲ. ಹೆಚ್ಚು ಊಹಿಸಿದವರ ತಪ್ಪನ್ನು ಕಡಿಮೆ ಊಹಿಸಿದವರ ತಪ್ಪು ಸರಿದೂಗಿಸಿತ್ತು.

ಈ ಲೆಕ್ಕ ಕೂಡಿಬರಲು ಒಂದು ಷರತ್ತಿದೆ. ಪ್ರತಿಯೊಬ್ಬರೂ ತಮ್ಮ ಕಣ್ಣಿಂದಲೇ ಎತ್ತನ್ನು ನೋಡಿ ಊಹಿಸಿರಬೇಕು. ಜೂರಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯದ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನು ತೋರಿಸಿತು. 144 ವಿದ್ಯಾರ್ಥಿಗಳಿಗೆ ಅಂದಾಜಿನ ಪ್ರಶ್ನೆಗಳನ್ನು ಕೊಟ್ಟು, ಕೆಲವರಿಗೆ ಇತರರ ಉತ್ತರ ನೋಡಲು ಬಿಡಲಾಯಿತು. ನೋಡಿದವರ ಉತ್ತರಗಳು ಒಂದಕ್ಕೊಂದು ಹತ್ತಿರ ಬಂದವು, ಆದರೆ ಸತ್ಯಕ್ಕೆ ಹತ್ತಿರವಾಗಲಿಲ್ಲ. ಅವರ ಆತ್ಮವಿಶ್ವಾಸ ಮಾತ್ರ ಏರಿತು.

ಹಾಗೆಂದು ಮಾತುಕತೆಯೇ ಬೇಡವೆಂದಲ್ಲ. 2010ರಲ್ಲಿ ಅನಿತಾ ವೂಲಿ ಮತ್ತು ಸಂಗಡಿಗರು ಅಮೆರಿಕದಲ್ಲಿ 699 ಜನರನ್ನು ಎರಡರಿಂದ ಐದು ಜನರ ಗುಂಪುಗಳಾಗಿ ಮಾಡಿ ಬಗೆಬಗೆಯ ಕೆಲಸ ಕೊಟ್ಟರು. ಒಂದು ಕೆಲಸದಲ್ಲಿ ಚೆನ್ನಾಗಿದ್ದ ಗುಂಪು ಉಳಿದವುಗಳಲ್ಲೂ ಚೆನ್ನಾಗಿರುವ ಸಂಭವ ಹೆಚ್ಚಿತ್ತು. ಆ ಗುಂಪುಗಳಲ್ಲಿ ಮಹಾ ಜಾಣರು ಇದ್ದರೆಂಬುದು ಅದಕ್ಕೆ ಮುಖ್ಯ ಕಾರಣವಾಗಿರಲಿಲ್ಲ. ಎದುರಿನವರ ಮನಸ್ಸನ್ನು ಮುಖ ನೋಡಿ ಓದಬಲ್ಲವರು ಅಲ್ಲಿದ್ದರು. ಮಾತಿನ ಸರದಿ ಎಲ್ಲರಿಗೂ ಸಮನಾಗಿ ಸಿಗುತ್ತಿತ್ತು. ಒಬ್ಬಿಬ್ಬರೇ ಮಾತನ್ನೆಲ್ಲ ಆಕ್ರಮಿಸಿಕೊಂಡ ಗುಂಪುಗಳು ಹಿಂದೆ ಬಿದ್ದವು.

ಜೇನು ಮನೆ ಹುಡುಕುವ ಬಗೆ

ಮಿದುಳಿಗೂ ಗುಂಪಿಗೂ ಇರುವ ಸಾಮ್ಯ ಬರೀ ಹೋಲಿಕೆಯೋ ನಿಜವಾದ ನೆಂಟಸ್ತನವೋ ಎಂಬ ಪ್ರಶ್ನೆಗೆ ಉತ್ತರ ಜೇನುಗೂಡಿನಲ್ಲಿ ಸಿಕ್ಕಿತು. ಜೇನು ಕುಟುಂಬ ಪಾಲಾಗುವಾಗ ಹಳೆಯ ರಾಣಿಯೊಡನೆ ಹೊರಟ ಸಾವಿರಾರು ನೊಣಗಳು ಒಂದು ಕೊಂಬೆಗೆ ಜೋತುಬೀಳುತ್ತವೆ. ಅವುಗಳಲ್ಲಿ ಕೆಲವು ನೂರು ನೊಣಗಳು ಹೊಸ ಪೊಟರೆ ಹುಡುಕಲು ಹಾರುತ್ತವೆ. ಒಳ್ಳೆಯ ಜಾಗ ಕಂಡ ನೊಣ ಮರಳಿ ಬಂದು ಕುಣಿಯುತ್ತದೆ. ಜಾಗ ಚೆನ್ನಾಗಿದ್ದಷ್ಟೂ ಕುಣಿತ ಹೆಚ್ಚು. ಈ ಕುಣಿತದ ಭಾಷೆಯನ್ನು ಬಿಡಿಸಿದ ಕಾರ್ಲ್ ಫಾನ್ ಫ್ರಿಶ್ ಅವರಿಗೆ 1973ರಲ್ಲಿ ನೊಬೆಲ್ ಪಾಲು ಬಂತು.

ಕಾರ್ನೆಲ್ ವಿಶ್ವವಿದ್ಯಾಲಯದ ಥಾಮಸ್ ಸೀಲಿ ಈ ಅಧ್ಯಯನವನ್ನು ಮುಂದುವರಿಸಿದರು. ಕುಣಿತ ಕಂಡ ನೊಣ ಅದನ್ನು ಕಣ್ಣು ಮುಚ್ಚಿ ನಂಬುವುದಿಲ್ಲ. ತಾನೇ ಹೋಗಿ ಪೊಟರೆ ನೋಡಿಕೊಂಡು ಬಂದು ತನ್ನ ಲೆಕ್ಕದಲ್ಲಿ ಕುಣಿಯುತ್ತದೆ. ಪ್ರತಿ ಸಲ ಮರಳಿದಾಗಲೂ ಕುಣಿತ ತಗ್ಗುತ್ತ ಹೋಗಿ ಕೊನೆಗೆ ನಿಲ್ಲುತ್ತದೆ. ಹೀಗಾಗಿ ಹಟಮಾರಿಗಳಿಗೆ ಅಲ್ಲಿ ಎಡೆಯಿಲ್ಲ. 2012ರಲ್ಲಿ ಸೀಲಿ ಮತ್ತು ಸಂಗಡಿಗರು ಇನ್ನೊಂದು ಸಂಗತಿಯನ್ನು ಪ್ರಕಟಿಸಿದರು. ಬೇರೆ ಜಾಗದ ಪರವಾಗಿರುವ ನೊಣ, ಕುಣಿಯುತ್ತಿರುವ ನೊಣಕ್ಕೆ ತಲೆಯಿಂದ ಗುದ್ದಿ ಚಿಕ್ಕದಾಗಿ ಝೇಂಕರಿಸುತ್ತದೆ. ಗುದ್ದು ತಿಂದ ನೊಣ ಕುಣಿತ ನಿಲ್ಲಿಸುವ ಸಂಭವ ಹೆಚ್ಚು. ಎರಡು ಜಾಗಗಳು ಸಮಸಮವಾಗಿದ್ದಾಗ ಗುಂಪು ನಡುವೆ ಸಿಕ್ಕಿಕೊಳ್ಳದೆ ಒಂದನ್ನು ಆರಿಸಿಕೊಳ್ಳಲು ಈ ಗುದ್ದು ನೆರವಾಗುತ್ತದೆ.

ಇದು ಮಿದುಳಿನ ಪ್ರತಿಬಂಧದ ಇನ್ನೊಂದು ರೂಪವೇ. ಪ್ರಯೋಗಗಳಲ್ಲಿ, ಪರದೆಯ ಮೇಲಿನ ಚುಕ್ಕೆಗಳು ಎಡಕ್ಕೆ ಹರಿಯುತ್ತಿವೆಯೋ ಬಲಕ್ಕೋ ಎಂದು ಕೋತಿ ತೀರ್ಮಾನಿಸುವಾಗ ಅದರ ಮಿದುಳಿನಲ್ಲಿ ಎರಡು ಕೋಶಗುಂಪುಗಳು ಸಾಕ್ಷ್ಯ ಕೂಡಿಸಿಕೊಳ್ಳುತ್ತ ಪೈಪೋಟಿಗೆ ಬೀಳುತ್ತವೆ; ಮೊದಲು ಮಿತಿ ಮುಟ್ಟಿದ ಗುಂಪು ಗೆಲ್ಲುತ್ತದೆ. ಜೇನುಗುಂಪಿಗೂ ಕೋತಿಯ ಮಿದುಳಿಗೂ ಒಂದೇ ಬಗೆಯ ಗಣಿತ ಹೊಂದುತ್ತದೆ. ಸ್ವತಂತ್ರ ಪರಿಶೀಲನೆ, ಗುಣಕ್ಕೆ ತಕ್ಕ ತೂಕ, ಎದುರುಬದುರು ತಡೆ, ತಾನಾಗಿ ತಗ್ಗುವ ಉತ್ಸಾಹ, ಕೊನೆಗೊಂದು ಮಿತಿ ಎಂಬ ಐದು ಅಂಶಗಳು ಸೇರಿದರೆ ಅರಿಯದ ಬಿಡಿಗಳಿಂದ ಅರಿವುಳ್ಳ ಇಡಿ ಹುಟ್ಟಬಲ್ಲದು.

ಚಿಲಿಯ ಟೆಲೆಕ್ಸ್ ನರಗಳು

ಮನುಷ್ಯರ ಸಂಸ್ಥೆಗೆ ಮಿದುಳಿನ ನಕ್ಷೆಯನ್ನು ನೇರವಾಗಿ ಹಾಕಿದವರು ಇಂಗ್ಲೆಂಡಿನ ಸ್ಟಾಫರ್ಡ್ ಬಿಯರ್. ಯುವಕನಾಗಿದ್ದಾಗ ಬ್ರಿಟಿಷ್ ಸೇನೆಯಲ್ಲಿ ಭಾರತದಲ್ಲೂ ಇದ್ದ ಇವರು ಮುಂದೆ ಉಕ್ಕಿನ ಉದ್ಯಮದಲ್ಲಿ ದುಡಿದು ಸೈಬರ್ನೆಟಿಕ್ಸ್ ಕಡೆ ತಿರುಗಿದರು. 1972ರಲ್ಲಿ ಬಂದ ಅವರ 'ಬ್ರೇನ್ ಆಫ್ ದ ಫರ್ಮ್' ಪುಸ್ತಕ ಯಾವುದೇ ಸಂಸ್ಥೆ ಬದುಕಿ ಉಳಿಯಲು ಐದು ಸ್ತರಗಳು ಬೇಕೆನ್ನುತ್ತದೆ. ಮೊದಲನೆಯದು ದುಡಿಯುವ ಘಟಕಗಳು, ದೇಹದ ಅಂಗಗಳಂತೆ. ಎರಡನೆಯದು ಅವು ಒಂದನ್ನೊಂದು ತುಳಿಯದಂತೆ ನೋಡಿಕೊಳ್ಳುವ ಹೊಂದಾಣಿಕೆ. ಮೂರನೆಯದು ಒಳಗಿನ ದಿನನಿತ್ಯದ ಸಮತೋಲ, ನಾಲ್ಕನೆಯದು ಹೊರಗಿನ ಲೋಕದ ಮತ್ತು ನಾಳೆಯ ಮೇಲಿನ ಕಣ್ಣು, ಐದನೆಯದು ಒಟ್ಟು ಧ್ಯೇಯ.

ಕಾದ ಹೆಂಚಿಗೆ ಬೆರಳು ತಾಗಿದರೆ ಮಿದುಳಿಗೆ ಉರಿ ತಿಳಿಯುವ ಮುನ್ನವೇ ಬೆನ್ನುಹುರಿಯ ಆಣತಿಯಂತೆ ಕೈ ಹಿಂದಕ್ಕೆ ಬಂದಿರುತ್ತದೆ. ಸಣ್ಣ ತೀರ್ಮಾನ ಸ್ಥಳದಲ್ಲೇ ಆಗಬೇಕು, ಅಲ್ಲಿ ಬಗೆಹರಿಯದ್ದು ಮಾತ್ರ ಮೇಲಕ್ಕೆ ಹೋಗಬೇಕು ಎಂಬುದು ಬಿಯರ್ ಅವರ ತತ್ತ್ವ. ಅದಕ್ಕೆ ಬೆನ್ನೆಲುಬಾಗಿದ್ದದ್ದು ರಾಸ್ ಆಶ್ಬಿ ಎಂಬ ಮನೋವೈದ್ಯ ಹೇಳಿದ ನಿಯಮ: ಬಗೆಬಗೆಯಾಗಿ ಬದಲಾಗುವ ಲೋಕವನ್ನು ನಿಭಾಯಿಸಬೇಕಾದರೆ ನಿಭಾಯಿಸುವವನ ಬಳಿಯೂ ಅಷ್ಟೇ ಬಗೆಯ ಉತ್ತರಗಳಿರಬೇಕು. ರಾಜಧಾನಿಯಲ್ಲಿ ಕೂತ ಕಚೇರಿಗೆ ಅದು ಸಾಧ್ಯವಿಲ್ಲ.

1970ರಲ್ಲಿ ಚಿಲಿಯಲ್ಲಿ ಸಾಲ್ವಡಾರ್ ಅಯೆಂದೆ ಅವರ ಸಮಾಜವಾದಿ ಸರಕಾರ ಅಧಿಕಾರಕ್ಕೆ ಬಂದು ಕಾರ್ಖಾನೆಗಳನ್ನು ರಾಷ್ಟ್ರೀಕರಿಸತೊಡಗಿತು. ಅವನ್ನು ನಡೆಸುವ ಹೊಣೆ ಹೊತ್ತಿದ್ದ ಯುವ ಎಂಜಿನಿಯರ್ ಫರ್ನಾಂಡೊ ಫ್ಲೋರೆಸ್ 1971ರ ಜುಲೈನಲ್ಲಿ ಬಿಯರ್‌ಗೆ ಪತ್ರ ಬರೆದರು. ನವೆಂಬರ್‌ನಲ್ಲಿ ಬಿಯರ್ ಸಾಂಟಿಯಾಗೊ ತಲುಪಿದರು. ಅಯೆಂದೆ ವೈದ್ಯರಾಗಿದ್ದರಿಂದ ನರಮಂಡಲದ ಮಾದರಿ ಅವರಿಗೆ ಬೇಗ ಹಿಡಿಸಿತು. ಬಿಯರ್ ಐದನೆಯ ಸ್ತರದ ಪೆಟ್ಟಿಗೆ ಬರೆದು, ಇದು ತಾವೇ ಎಂದು ಅಧ್ಯಕ್ಷರಿಗೆ ಹೇಳುವಷ್ಟರಲ್ಲಿ, ಕೊನೆಗೂ ಜನ ಬಂದರು ಎಂದು ಅಯೆಂದೆ ನಕ್ಕರಂತೆ. ಬಿಯರ್ ಮುಂದೆ ಈ ಪ್ರಸಂಗವನ್ನು ಹೇಳಿಕೊಳ್ಳುತ್ತಿದ್ದರು.

ಸೈಬರ್‌ಸಿನ್ ಎಂಬ ಆ ಯೋಜನೆಗೆ ಸಿಕ್ಕಿದ್ದು ಸಾಂಟಿಯಾಗೊದ ಒಂದು ದೊಡ್ಡ ಕಂಪ್ಯೂಟರ್‌ನಲ್ಲಿ ಒಂದಿಷ್ಟು ಹೊತ್ತು ಮತ್ತು ಹಿಂದಿನ ಸರಕಾರ ಕೊಂಡು ಬಳಸದೆ ಇಟ್ಟಿದ್ದ ಟೆಲೆಕ್ಸ್ ಯಂತ್ರಗಳು. ಕಾರ್ಖಾನೆಗಳಿಂದ ಉತ್ಪಾದನೆ, ಕಚ್ಚಾ ಸಾಮಗ್ರಿ, ಗೈರುಹಾಜರಿಯ ಅಂಕಿಗಳು ಟೆಲೆಕ್ಸ್ ಮೂಲಕ ಬರುತ್ತಿದ್ದವು. ಅಂಕಿಗಳಲ್ಲಿ ಎಲ್ಲವೂ ಮಾಮೂಲಿಯಾಗಿದ್ದರೆ ಕಂಪ್ಯೂಟರ್ ಸುಮ್ಮನಿರುತ್ತಿತ್ತು. ಏರುಪೇರು ಕಂಡರೆ ಮೊದಲ ಎಚ್ಚರಿಕೆ ಆ ಕಾರ್ಖಾನೆಗೇ ಹೋಗಬೇಕು. ನಿಗದಿತ ಅವಧಿಯಲ್ಲಿ ಅದು ಸರಿಯಾಗದಿದ್ದರೆ ಮಾತ್ರ ಮೇಲಿನವರಿಗೆ ತಿಳಿಯಬೇಕು ಎಂಬುದು ಏರ್ಪಾಡು. ಈ ಎಚ್ಚರಿಕೆಗೆ ಬಿಯರ್ ನೋವು ಮತ್ತು ನಲಿವು ಎಂಬ ಅರ್ಥದ ಗ್ರೀಕ್ ಪದಗಳನ್ನು ಬೆಸೆದು ಆಲ್ಗೆಡಾನಿಕ್ ಎಂದು ಹೆಸರಿಟ್ಟಿದ್ದರು. ಜನರು ಮನೆಯಲ್ಲೇ ಕೂತು ಒಂದು ಗುಂಡಿ ತಿರುಗಿಸಿ ತಮ್ಮ ಸಮಾಧಾನ, ಅಸಮಾಧಾನ ಸೂಚಿಸುವ ಮಾಪಕವನ್ನೂ ಯೋಚಿಸಲಾಗಿತ್ತು. ಅದು ಮಾದರಿಯ ಹಂತ ದಾಟಲಿಲ್ಲ.

1972ರ ಅಕ್ಟೋಬರ್‌ನಲ್ಲಿ ಲಾರಿ ಮಾಲೀಕರು ಮುಷ್ಕರ ಹೂಡಿ ದೇಶದ ಸರಬರಾಜನ್ನೇ ನಿಲ್ಲಿಸಲು ಹೊರಟಾಗ ಟೆಲೆಕ್ಸ್ ಜಾಲ ಪರೀಕ್ಷೆಗೆ ಬಂತು. ಎಲ್ಲಿ ಲಾರಿ ಇದೆ, ಯಾವ ರಸ್ತೆ ತೆರೆದಿದೆ, ಎಲ್ಲಿ ಏನು ತೀರಿದೆ ಎಂಬ ಸುದ್ದಿ ಊರಿನಿಂದೂರಿಗೆ ಹರಿದು, ಇದ್ದ ವಾಹನಗಳಲ್ಲೇ ಅಗತ್ಯ ಸಾಮಗ್ರಿ ಸಾಗಿಸಲು ಸರಕಾರಕ್ಕೆ ನೆರವಾಯಿತು. ಆದರೆ ದಿನಗಳು ಹೋದಂತೆ ದೌರ್ಬಲ್ಯಗಳೂ ಕಂಡವು. ಅನೇಕ ಕಾರ್ಖಾನೆಗಳ ಅಂಕಿಗಳು ತಡವಾಗಿ ಬರುತ್ತಿದ್ದವು. ಮಾದರಿಗಳನ್ನು ಬರೆಯುವಾಗ ಕಾರ್ಮಿಕರಿಗೆ ಹೇಳಲಾಗಿದ್ದ ಪಾತ್ರ ಎಂಜಿನಿಯರುಗಳ ಪಾಲಾಗಿತ್ತು. 1973ರ ಸೆಪ್ಟೆಂಬರ್ 11ರಂದು ಸೇನೆ ಅಧಿಕಾರ ಕಿತ್ತುಕೊಂಡಿತು. ಏಳು ತಿರುಗುಕುರ್ಚಿಗಳ, ಗೋಡೆಯ ತುಂಬ ಪರದೆಗಳ ಆ ಕಾರ್ಯಾಚರಣೆ ಕೋಣೆ ನಾಶವಾಯಿತು.

ತಡೆಯಿಲ್ಲದ ಜಾಲ

ಚಿಲಿಯಲ್ಲಿ ಸಂಕೇತ ಸಾಗಿಸುವ ತಂತಿಗೆ ಬರ ಇತ್ತು. ಇಂದು ತಂತಿಗೆ ಬರವಿಲ್ಲ. ಪ್ರತಿ ಕೈಯಲ್ಲೂ ಫೋನಿರುವ ಕಾಲದಲ್ಲಿ ಕೊರತೆಯಾಗಿರುವುದು ತಡೆ. ಒಂದು ಸಂದೇಶವನ್ನು ನೂರಾರು ಜನರಿಗೆ ಸಾಗಿಸಲು ಒಂದು ಬೆರಳು ಸಾಕು. ಅದು ಸರಿಯೇ ಎಂದು ಪೊಟರೆಗೆ ಹೋಗಿ ನೋಡಿ ಬರುವ ಜೇನುನೊಣದ ಕೆಲಸವನ್ನು ಆ ಏರ್ಪಾಡು ಯಾರಿಂದಲೂ ಕೇಳುವುದಿಲ್ಲ. ಹೆಚ್ಚು ರೇಗಿಸುವ ಮಾತಿಗೆ ಹೆಚ್ಚು ಪ್ರತಿಕ್ರಿಯೆ, ಹೆಚ್ಚು ಪ್ರತಿಕ್ರಿಯೆಗೆ ಹೆಚ್ಚು ಪ್ರಚಾರ ಎಂಬ ಸುತ್ತಿನಲ್ಲಿ ಎಲ್ಲರೂ ಒಂದೇ ತಾಳಕ್ಕೆ ಮಿಡಿಯತೊಡಗುತ್ತಾರೆ. ಅಪಸ್ಮಾರದ ಲಕ್ಷಣವೂ ಅದೇ.

ಇದರ ಬೆಲೆಯನ್ನು ಕರ್ನಾಟಕ ತೆತ್ತಿದೆ. ಮಕ್ಕಳ ಕಳ್ಳರು ಬಂದಿದ್ದಾರೆಂಬ ವಾಟ್ಸಾಪ್ ವದಂತಿ ದೇಶವಿಡೀ ಸುತ್ತುತ್ತಿದ್ದ 2018ರಲ್ಲಿ, ಜುಲೈ ತಿಂಗಳು ಬೀದರ್ ಜಿಲ್ಲೆಯಲ್ಲಿ ಅದನ್ನು ನಂಬಿದ ಗುಂಪು ಹೈದರಾಬಾದಿನಿಂದ ಬಂದಿದ್ದ ಯುವಕನೊಬ್ಬನನ್ನು ಹೊಡೆದು ಕೊಂದಿತು. ಅದೇ ತಿಂಗಳು ವಾಟ್ಸಾಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆ ಸಾಗಿಸಲಾಗದಂತೆ ಮಿತಿ ಹಾಕುವುದಾಗಿ ಪ್ರಕಟಿಸಿತು. 2020ರ ಏಪ್ರಿಲ್‌ನಲ್ಲಿ, ಆಗಲೇ ಹಲವು ಕೈ ದಾಟಿ ಬಂದ ಸಂದೇಶಗಳಿಗೆ ಒಮ್ಮೆಗೆ ಒಂದೇ ಕಡೆ ಎಂಬ ಮಿತಿ ಬಂತು. ಯಾರ ಬಾಯನ್ನೂ ಕಟ್ಟದೆ, ಸಂದೇಶದೊಳಗೆ ಏನಿದೆಯೆಂದು ನೋಡದೆ, ಹರಿವಿನ ವೇಗವನ್ನಷ್ಟೇ ತಗ್ಗಿಸುವ ಈ ಕ್ರಮ ನರಮಂಡಲದ ತಡೆಗೆ ಹತ್ತಿರದ್ದು.

ತೈವಾನ್: ಉತ್ತರ ಕೊಡಲಾಗದ ಚರ್ಚೆ

ತಡೆಯನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಂಡು ಕಟ್ಟಿದ ಜಾಲ ತೈವಾನ್‌ನಲ್ಲಿ ಬಳಕೆಗೆ ಬಂತು. 2014ರ ಮಾರ್ಚ್‌ನಲ್ಲಿ ಚೀನಾದೊಡನೆ ಮಾಡಿಕೊಂಡ ವ್ಯಾಪಾರ ಒಪ್ಪಂದವನ್ನು ವಿರೋಧಿಸಿ ವಿದ್ಯಾರ್ಥಿಗಳು ಸಂಸತ್ ಭವನಕ್ಕೆ ನುಗ್ಗಿ ಮೂರು ವಾರ ಅಲ್ಲೇ ಕೂತರು. ಸೂರ್ಯಕಾಂತಿ ಚಳವಳಿ ಎಂದು ಹೆಸರಾದ ಈ ಘಟನೆಯ ನಂತರ, ಜನರ ಅಭಿಪ್ರಾಯ ಕೇಳುವ ಹೊಸ ದಾರಿ ಬೇಕೆಂದು ಸರಕಾರಕ್ಕೂ ಅನ್ನಿಸಿತು. ಗವ್-ಜೀರೊ ಎಂಬ ತಂತ್ರಜ್ಞರ ಸ್ವಯಂಸೇವಾ ಬಳಗ ವಿತೈವಾನ್ ಎಂಬ ವೇದಿಕೆ ಕಟ್ಟಿತು. ಅದರ ಹೃದಯದಲ್ಲಿದ್ದದ್ದು ಅಮೆರಿಕದ ಸಿಯಾಟಲ್‌ನಲ್ಲಿ ಹುಟ್ಟಿದ ಪೋಲಿಸ್ ಎಂಬ ತಂತ್ರಾಂಶ. ಆರಕ್ಷಕರಿಗೂ ಈ ಹೆಸರಿಗೂ ನಂಟಿಲ್ಲ. ನಗರರಾಜ್ಯ ಎಂಬ ಅರ್ಥದ ಗ್ರೀಕ್ ಪದವದು.

ಪೋಲಿಸ್‌ನಲ್ಲಿ ಯಾರು ಬೇಕಾದರೂ ಒಂದು ಚಿಕ್ಕ ಹೇಳಿಕೆ ಬರೆಯಬಹುದು. ಉಳಿದವರು ಅದಕ್ಕೆ ಒಪ್ಪಿಗೆ, ಒಪ್ಪಿಗೆಯಿಲ್ಲ, ಹೇಳಲಾರೆ ಎಂಬ ಮೂರರಲ್ಲಿ ಒಂದನ್ನು ಒತ್ತಬಹುದು. ಹೇಳಿಕೆಗೆ ಉತ್ತರ ಬರೆಯಲು ಮಾತ್ರ ಅವಕಾಶವಿಲ್ಲ. ಒಪ್ಪದವರು ಬೇರೆ ಹೇಳಿಕೆಯನ್ನೇ ಬರೆಯಬೇಕು, ಅದನ್ನೂ ಎಲ್ಲರೂ ತೂಗುತ್ತಾರೆ. ಉತ್ತರದ ಗುಂಡಿ ತೆಗೆದದ್ದರಿಂದ ಮಾತಿಗೆ ಮಾತು ಬೆಳೆದು ಜಗಳವಾಗುವ ದಾರಿಯೇ ಮುಚ್ಚಿತು.

ಸಾವಿರಾರು ಒತ್ತುಗಳು ಸೇರಿದಾಗ ದೊಡ್ಡ ಕೋಷ್ಟಕ ಸಿದ್ಧವಾಗುತ್ತದೆ. ಒಂದೇ ರೀತಿ ಮತ ಹಾಕಿದವರನ್ನು ಹತ್ತಿರ, ಬೇರೆ ರೀತಿ ಹಾಕಿದವರನ್ನು ದೂರ ಇರಿಸಿ ಕಂಪ್ಯೂಟರ್ ಒಂದು ನಕ್ಷೆ ಬಿಡಿಸುತ್ತದೆ. ಇದಕ್ಕೆ ಬಳಸುವ ಗಣಿತವನ್ನು ನರವಿಜ್ಞಾನಿಗಳು ನೂರಾರು ಕೋಶಗಳ ಮಿಡಿತದಲ್ಲಿ ಅಡಗಿದ ವಿನ್ಯಾಸ ಹುಡುಕಲೂ ಬಳಸುತ್ತಾರೆ. ನಕ್ಷೆಯಲ್ಲಿ ಗುಂಪುಗಳು ಬೇರೆಬೇರೆಯಾಗಿ ಕಾಣುತ್ತವೆ. ಅದಕ್ಕಿಂತ ಮುಖ್ಯವಾಗಿ, ದೂರದೂರದ ಗುಂಪುಗಳೆರಡೂ ಒಪ್ಪಿದ ಹೇಳಿಕೆಗಳು ಮೇಲಕ್ಕೆ ಬರುತ್ತವೆ. ತನ್ನವರ ಚಪ್ಪಾಳೆ ಗಿಟ್ಟಿಸುವ ಮಾತಿಗೆ ಇಲ್ಲಿ ಬೆಲೆ ಕಡಿಮೆ.

2015ರಲ್ಲಿ ಊಬರ್ ಟ್ಯಾಕ್ಸಿಗಳ ಪ್ರಶ್ನೆ ಈ ವೇದಿಕೆಗೆ ಬಂತು. ಟ್ಯಾಕ್ಸಿ ಚಾಲಕರು ಒಂದೆಡೆ, ಊಬರ್ ಬಳಸುವವರು ಇನ್ನೊಂದೆಡೆ ನಿಂತರು. ವಾರಗಳು ಕಳೆದಂತೆ ಎರಡೂ ಕಡೆಯವರು ಒಪ್ಪುವ ಹೇಳಿಕೆಗಳು ಹೊರಬಂದವು. ಪ್ರಯಾಣಿಕರಿಗೆ ವಿಮೆ ಇರಬೇಕು, ಚಾಲಕರಿಗೆ ಪರವಾನಗಿ ಬೇಕು, ತೆರಿಗೆ ಎಲ್ಲರಿಗೂ ಅನ್ವಯಿಸಬೇಕು ಎಂಬಂಥವು. 2016ರಲ್ಲಿ ಸರಕಾರ ಒಪ್ಪಿದ ನಿಯಮಗಳು ಇವುಗಳ ಮೇಲೆ ನಿಂತವು. ಆ್ಯಪ್ ಮೂಲಕ ಓಡುವ ಟ್ಯಾಕ್ಸಿಗೆ ಹಳದಿ ಬಣ್ಣ ಬೇಕಿಲ್ಲ, ಆದರೆ ಮೀಟರ್ ದರಕ್ಕಿಂತ ಕೆಳಗಿಳಿದು ಹಳೆಯ ಚಾಲಕರ ಹೊಟ್ಟೆಗೆ ಹೊಡೆಯುವಂತಿಲ್ಲ ಎಂಬುದು ಅವುಗಳಲ್ಲೊಂದು. ಬಳಗದಲ್ಲಿದ್ದ ಆಡ್ರೆ ಟಾಂಗ್ ಅದೇ ವರ್ಷ ಸಚಿವರಾದರು, 2022ರಲ್ಲಿ ದೇಶದ ಮೊದಲ ಡಿಜಿಟಲ್ ವ್ಯವಹಾರಗಳ ಸಚಿವರಾದರು.

ವಿತೈವಾನ್‌ಗೆ ಕುಂದೂ ಇತ್ತು. ಅಲ್ಲಿ ಮೂಡಿದ ಸಹಮತಕ್ಕೆ ಸರಕಾರ ಕಟ್ಟುಬೀಳಬೇಕೆಂಬ ನಿಯಮ ಇರಲಿಲ್ಲ. ಹೇಳಿದ್ದಕ್ಕೆ ಏನಾಯಿತೆಂಬ ಮರುಸುದ್ದಿ ಬಾರದಿದ್ದರೆ ಹೇಳುವ ಉಮೇದು ಕುಗ್ಗುತ್ತದೆ. ಮುಂದಿನ ವರ್ಷಗಳಲ್ಲಿ ವೇದಿಕೆಯ ಬಳಕೆ ಇಳಿಯಿತು.

ದೂರದೂರದ ಗುಂಪುಗಳೂ ಒಪ್ಪುವ ಮಾತನ್ನು ಮೇಲಕ್ಕೆ ತರುವ ಅದೇ ತತ್ತ್ವದ ಇತರ ಜಾಲಗಳು ಆಮೇಲೆ ಬಂದವು. ಟ್ವಿಟರ್ 2021ರ ಜನವರಿಯಲ್ಲಿ ಅಮೆರಿಕದಲ್ಲಿ ಶುರುಮಾಡಿದ, ಇಂದು ಕಮ್ಯೂನಿಟಿ ನೋಟ್ಸ್ ಎಂದು ಕರೆಯುವ ವ್ಯವಸ್ಥೆಯಲ್ಲಿ, ತಪ್ಪು ಸುದ್ದಿಗೆ ಬಳಕೆದಾರರು ಬರೆದ ತಿದ್ದುಪಡಿ ಎಲ್ಲರಿಗೂ ಕಾಣಬೇಕಾದರೆ, ಸಾಮಾನ್ಯವಾಗಿ ಭಿನ್ನಮತ ಹೊಂದಿರುವವರೂ ಅದನ್ನು ಉಪಯುಕ್ತವೆನ್ನಬೇಕು. 2024ರ ಅಕ್ಟೋಬರ್‌ನಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಗೂಗಲ್ ಡೀಪ್‌ಮೈಂಡ್‌ನ ಸಂಶೋಧಕರು ಬ್ರಿಟನ್ನಿನ 5,000ಕ್ಕೂ ಹೆಚ್ಚು ಜನರೊಡನೆ ಕೃತಕ ನರಜಾಲವನ್ನೇ ಮಧ್ಯಸ್ಥನನ್ನಾಗಿ ಕೂರಿಸಿದರು. ಗುಂಪಿನವರ ಅಭಿಪ್ರಾಯಗಳನ್ನು ಓದಿ ಅದು ಬರೆದ ಒಮ್ಮತದ ಹೇಳಿಕೆಗಳನ್ನು, ಮನುಷ್ಯ ಮಧ್ಯಸ್ಥರು ಬರೆದವುಗಳಿಗಿಂತ ಹೆಚ್ಚಿನವರು ಮೆಚ್ಚಿದರು.

ಸಮುದಾಯದ ನೆನಪು

ತೀರ್ಮಾನದಷ್ಟೇ ಮುಖ್ಯವಾದದ್ದು ನೆನಪು. ಮಿದುಳಿನಲ್ಲಿ ನೆನಪು ಒಂದು ಕಪಾಟಿನಲ್ಲಿ ಕೂತಿರುವುದಿಲ್ಲ. ಕೋಶಗಳ ನಡುವಿನ ಬೆಸುಗೆಗಳಲ್ಲಿ ಹರಡಿರುತ್ತದೆ. ಅರ್ಧ ಸುಳಿವು ಕೊಟ್ಟರೆ ಇಡೀ ನೆನಪನ್ನು ಮರಳಿಸುವ ಇಂಥ ಜಾಲದ ಗಣಿತವನ್ನು ಜಾನ್ ಹಾಪ್‌ಫೀಲ್ಡ್ 1982ರಲ್ಲಿ ಬರೆದರು. 2024ರ ಭೌತವಿಜ್ಞಾನದ ನೊಬೆಲ್‌ನಲ್ಲಿ ಅವರಿಗೂ ಪಾಲು ಬಂತು. ಸಮುದಾಯದ ಮಟ್ಟದಲ್ಲಿ ಇದಕ್ಕೆ ಹತ್ತಿರದ ಉದಾಹರಣೆ ವಿಕಿಪೀಡಿಯ. ಒಬ್ಬರು ಒಂದು ಸಾಲು ಬರೆಯುತ್ತಾರೆ, ಇನ್ನೊಬ್ಬರು ತಿದ್ದುತ್ತಾರೆ, ಲೇಖನವಿಲ್ಲದ ವಿಷಯದ ಕೆಂಪು ಕೊಂಡಿ ಮೂರನೆಯವರನ್ನು ಬರೆಯಲು ಕೆಣಕುತ್ತದೆ. ಗೆದ್ದಲುಗಳು ಮುಂದಾಳಿಲ್ಲದೆ ಹುತ್ತ ಕಟ್ಟುವುದೂ ಹೀಗೆಯೇ. ಒಂದು ಇಟ್ಟ ಮಣ್ಣಿನುಂಡೆ ಮುಂದಿನದಕ್ಕೆ ಕರೆ. ಪಿಯರ್-ಪಾಲ್ ಗ್ರಾಸ್ಸೆ ಎಂಬ ಫ್ರೆಂಚ್ ವಿಜ್ಞಾನಿ ಇದನ್ನು 1959ರಲ್ಲಿ ವಿವರಿಸಿದ್ದರು. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯ ಹೀಗೇ ಬೆಳೆದು ಇಂದು 30,000ಕ್ಕೂ ಹೆಚ್ಚು ಲೇಖನಗಳನ್ನು ಹೊಂದಿದೆ. ಪ್ರತಿ ಲೇಖನದ ಹಿಂದೆ ಯಾರು ಏನು ತಿದ್ದಿದರೆಂಬ ಇತಿಹಾಸವೂ ಉಳಿಯುವುದರಿಂದ, ತಪ್ಪು ದಾರಿ ಹಿಡಿದರೆ ಹಿಂದಿರುಗಲು ಸಾಧ್ಯ.

ಹೋಲಿಕೆಯ ಗಡಿ

ಮಿದುಳಿನ ಮಾದರಿ ಒಂದು ಹಂತದವರೆಗೆ ಮಾತ್ರ ದಾರಿ ತೋರಿಸುತ್ತದೆ. ನರಕೋಶಕ್ಕೆ ಸ್ವಂತ ಹಿತವಿಲ್ಲ, ಹಕ್ಕಿಲ್ಲ. ಬೆಳೆಯುವ ಮಗುವಿನ ಮಿದುಳು ಬಳಕೆಯಾಗದ ಬೆಸುಗೆಗಳನ್ನು ಕತ್ತರಿಸಿ ಹಾಕುತ್ತದೆ. ಸಮುದಾಯ ತನ್ನ ಸದಸ್ಯರನ್ನು ಹಾಗೆ ಕತ್ತರಿಸುವಂತಿಲ್ಲ. ಯಾರ ಸಂಕೇತ ಜಾಲಕ್ಕೆ ತಲುಪುವುದೇ ಇಲ್ಲವೋ ಅವರ ನೋವು ಆ ಜಾಲಕ್ಕೆ ಇಲ್ಲದ ನೋವು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಒಮ್ಮೆಯಾದರೂ ಇಂಟರ್ನೆಟ್ ಬಳಸಿದವರು ನೂರಕ್ಕೆ 33, ಪುರುಷರಲ್ಲಿ 57. ಬರೀ ಫೋನಿನ ಮೇಲೆ ನಿಂತ ಜಾಲ ಇಂಥ ಕಡೆ ಅರ್ಧ ಮೈ ಮರಗಟ್ಟಿದ ದೇಹದಂತೆ. ಆದ್ದರಿಂದ ಗ್ರಾಮಸಭೆಯಂಥ ಎದುರಾಬದುರು ಕೂಟಗಳಿಗೆ ಡಿಜಿಟಲ್ ಜಾಲ ಬದಲಿಯಾಗಲಾರದು, ಊರುಗೋಲಾಗಬಹುದು. ಕರ್ನಾಟಕವೂ ಸೇರಿ ದಕ್ಷಿಣದ ನಾಲ್ಕು ರಾಜ್ಯಗಳ ಗ್ರಾಮಸಭೆಗಳನ್ನು ಅಧ್ಯಯನ ಮಾಡಿದ ಪರೋಮಿತಾ ಸಾನ್ಯಾಲ್ ಮತ್ತು ವಿಜಯೇಂದ್ರ ರಾವ್, ಸಭೆಯನ್ನು ಸರಕಾರ ಹೇಗೆ ನಡೆಸುತ್ತದೆ ಎಂಬುದರ ಮೇಲೆ ಅಲ್ಲಿನ ಚರ್ಚೆಯ ಗುಣ ನಿಂತಿದೆ ಎಂದು ಕಂಡುಕೊಂಡರು. ಜಾಲಕ್ಕೂ ಈ ಮಾತು ಸಲ್ಲುತ್ತದೆ.

ತಡೆಯ ವಿಷಯದಲ್ಲೂ ಎಚ್ಚರ ಬೇಕು. ಮಿದುಳಿನ ತಡೆ ಅಕ್ಕಪಕ್ಕದ ಕೋಶಗಳ ನಡುವಿನದು, ಕ್ಷಣಕಾಲದ್ದು, ಎರಡೂ ದಿಕ್ಕಿನದು. ಮೇಲಿನಿಂದ ಬಂದು ಒಂದೇ ದಿಕ್ಕಿನಲ್ಲಿ ಬಾಯಿ ಮುಚ್ಚಿಸುವುದು ಬೇರೆಯದೇ ಸಂಗತಿ. ಗಲಭೆಯ ಭಯದಿಂದ ಇಡೀ ಜಿಲ್ಲೆಯ ಇಂಟರ್ನೆಟ್ ನಿಲ್ಲಿಸುವುದು ಅರಿವಳಿಕೆ ಕೊಟ್ಟ ಹಾಗೆ. ಸೆಳೆತ ನಿಲ್ಲಬಹುದು, ಅದರೊಡನೆ ಯೋಚನೆಯೂ ನಿಲ್ಲುತ್ತದೆ.

ಕೊನೆಯದು ತೂಕ ತಿದ್ದುವವರ ಪ್ರಶ್ನೆ. ಮಿದುಳಿನಲ್ಲಿ ಸಿನಾಪ್ಸ್‌ಗಳ ತೂಕವನ್ನು ಅನುಭವವೇ ತಿದ್ದುತ್ತದೆ. ಡಿಜಿಟಲ್ ಜಾಲದಲ್ಲಿ ಯಾವ ಮಾತಿಗೆ ಎಷ್ಟು ತೂಕ ಎಂಬುದನ್ನು ತಂತ್ರಾಂಶ ಬರೆದವರು ಮತ್ತು ಅದರ ಒಡೆಯರು ನಿರ್ಧರಿಸುತ್ತಾರೆ. ಚಿಲಿಯಲ್ಲಿ ಕಾರ್ಖಾನೆಯ ಅಂಕಿಗಳನ್ನು ಮೇಲಕ್ಕೆ ಒಯ್ದ ತಂತಿಯೇ ಮೇಲಿನವರ ಆಜ್ಞೆಯನ್ನು ಕೆಳಕ್ಕೆ ತರಬಲ್ಲದಾಗಿತ್ತು. ಅದು ಕಾರ್ಮಿಕರ ನರಮಂಡಲವೋ ಸರಕಾರದ ಕಡಿವಾಣವೋ ಎಂಬ ವಾದ ಆಗಲೇ ಎದ್ದಿತ್ತು. ಪೋಲಿಸ್‌ನ ತಂತ್ರಾಂಶ ಯಾರು ಬೇಕಾದರೂ ಓದಿ ಪರೀಕ್ಷಿಸುವಂತೆ ಮುಕ್ತವಾಗಿದೆ, ಕಮ್ಯೂನಿಟಿ ನೋಟ್ಸ್‌ನ ಲೆಕ್ಕದ ವಿಧಾನವೂ ಬಹಿರಂಗವಾಗಿದೆ. ಆದರೆ ದಿನವೂ ಕೋಟ್ಯಂತರ ಜನ ನೋಡುವ ಸುದ್ದಿಯ ಸಾಲನ್ನು ಜೋಡಿಸುವ ಬಹುಪಾಲು ಸೂತ್ರಗಳು ಕಂಪನಿಗಳ ಗುಟ್ಟಾಗಿಯೇ ಉಳಿದಿವೆ. ತನ್ನ ತೂಕಗಳನ್ನು ತಾನೇ ನೋಡಿ ತಿದ್ದಿಕೊಳ್ಳಲಾಗದ ಸಮುದಾಯಕ್ಕೆ ಎಷ್ಟೇ ಸೊಗಸಾದ ಜಾಲ ಸಿಕ್ಕರೂ ಅದು ಬೇರೆಯವರ ಮಿದುಳಿಗೆ ಜೋಡಿಸಿದ ನರವಷ್ಟೇ ಆಗಿರುತ್ತದೆ.